"ಏನೂ ಮುಟ್ಟಿಲ್ಲ" ಅಂದಿದ್ದೆ

ಐಟಿಯಲ್ಲಿ ಕೆಲಸ ಮಾಡೋ ಯಾರನ್ನಾದರೂ ಕೇಳಿ ನೋಡಿ, ಆಫೀಸಿನಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಸುಳ್ಳು ಯಾವುದು ಅಂತ. "ನಾನೇನೂ ಚೇಂಜ್ ಮಾಡಿಲ್ಲ" ಅನ್ನೋದು ಮೊದಲ ಮೂರರೊಳಗೆ ಖಂಡಿತ ಇರುತ್ತೆ. ನಿನ್ನೆವರೆಗೂ ಚೆನ್ನಾಗಿ ಓಡ್ತಿದ್ದದ್ದು ಇವತ್ತು ಬೆಳಗ್ಗೆ ನಿಂತಿರುತ್ತೆ, ಆದರೆ ಯಾರೂ ಏನೂ ಮುಟ್ಟಿರೋದಿಲ್ಲ!

ನಾನೂ ಒಮ್ಮೆ ಹಾಗೇ ಹೇಳಿದ್ದೆ. ಹೇಳುವಾಗ ಅದು ಸುಳ್ಳು ಅಂತ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಒಂಬತ್ತು ದಿನ ಸುಮ್ಮನಿದ್ದೆ. ಆ ಒಂಬತ್ತು ದಿನಗಳ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ತಿದ್ದೆ, ಇವತ್ತು ಕೂತಿದ್ದೀನಿ. ಮೊದಲು ಸ್ವಲ್ಪ ಟೆಕ್ನಿಕಲ್ ವಿಷಯ ಬರುತ್ತೆ, ಸಹಿಸಿಕೊಳ್ಳಿ. ಅದಿಲ್ಲದೆ ನನ್ನ ತಪ್ಪು ಎಂಥದ್ದು ಅನ್ನೋದು ಅರ್ಥ ಆಗಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಕ್ಲಸ್ಟರ್ ನೋಡಿಕೊಳ್ತಿದ್ದೆ. ಕ್ಲಸ್ಟರ್ ಅಂದ್ರೆ ಬೇರೇನಲ್ಲ, ಒಂದು ಕೋಣೆ ತುಂಬ ಕಂಪ್ಯೂಟರ್‌ಗಳನ್ನು ಜೋಡಿಸಿ, ಎಲ್ಲಕ್ಕೂ ಸೇರಿ ಒಂದೇ ದೊಡ್ಡ ಲೆಕ್ಕ ಕೊಡೋದು. ಇದಕ್ಕೊಂದು ಬಡವರ ಇತಿಹಾಸ ಇದೆ. 1994ರಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅನ್ನೋರು, ಕೋಟಿಗಟ್ಟಲೆ ಬೆಲೆಯ ಸೂಪರ್ ಕಂಪ್ಯೂಟರ್ ಬದಲು, ಅಂಗಡಿಯಲ್ಲಿ ಸಿಗೋ ಸಾಮಾನ್ಯ 486 ಪ್ರೊಸೆಸರ್‌ನ 16 ಪಿಸಿಗಳನ್ನು ಈಥರ್ನೆಟ್ ತಂತಿಯಲ್ಲಿ ಕಟ್ಟಿ, ಮೇಲೆ ಲಿನಕ್ಸ್ ಹಾಕಿ ಓಡಿಸಿದರು. ಅದಕ್ಕೆ ಬೇವುಲ್ಫ್ ಅಂತ ಹೆಸರಿಟ್ಟರು. ಇವತ್ತು ಜಗತ್ತಿನ ಮುಕ್ಕಾಲುಪಾಲು ವೈಜ್ಞಾನಿಕ ಲೆಕ್ಕ ನಡೆಯೋದು ಅದೇ ದಾರಿಯಲ್ಲಿ ಬಂದ ಯಂತ್ರಗಳ ಮೇಲೆ ಅಂದರೆ ತಪ್ಪಾಗಲಾರದು. ನಮ್ಮಲ್ಲಿದ್ದದ್ದು 64. ಒಂದೊಂದನ್ನೂ ನೋಡ್ ಅಂತೀವಿ.

64 ಯಂತ್ರಗಳಿಗೆ ಒಂದೊಂದು ಡಿಸ್ಕ್ ಹಾಕಿ, ಒಂದೊಂದರಲ್ಲೂ ಲಿನಕ್ಸ್ ಇನ್‌ಸ್ಟಾಲ್ ಮಾಡಿದರೆ ಏನಾಗುತ್ತೆ ಅಂತ ಅನುಭವ ಇದ್ದವರಿಗೆ ಗೊತ್ತು. ಮೊದಲ ದಿನ ಎಲ್ಲಾ ಒಂದೇ ಥರ ಇರ್ತವೆ. ಆಮೇಲೆ ಒಂದು ರಾತ್ರಿ ಹನ್ನೆರಡನೇ ನೋಡ್ ಕೈಕೊಡುತ್ತೆ, ನೀವು ಒಳಗೆ ಹೋಗಿ ಏನೋ ಒಂದು ಸಾಲು ಬದಲಾಯಿಸಿ ಸರಿಮಾಡಿ ಮಲಗ್ತೀರಿ. ಇನ್ನೊಂದು ದಿನ ನಲವತ್ತನೆಯದು. ಆರು ತಿಂಗಳಾದ ಮೇಲೆ 64 ಯಂತ್ರಗಳಿಗೆ 64 ಸ್ವಭಾವ.

ಇದಕ್ಕೆ ಉಪಾಯ, ನೋಡ್‌ಗಳಿಗೆ ಡಿಸ್ಕನ್ನೇ ಕೊಡದಿರೋದು. ಆಗ ಅವು ಬೂಟ್ ಆಗೋದು ನೆಟ್‌ವರ್ಕ್ ಮೂಲಕ. ನಾನು ಎಷ್ಟು ಸಲ ನೋಡಿದರೂ ಬೇಜಾರಾಗದ ಆಟ ಅದು. ನೋಡ್‌ಗೆ ಕರೆಂಟ್ ಬರುತ್ತೆ. ಅದಕ್ಕೆ ತನ್ನ ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ಗೊತ್ತಿರೋದು ನೆಟ್‌ವರ್ಕ್ ಕಾರ್ಡಿನ ಮೇಲೆ ಫ್ಯಾಕ್ಟರಿಯಲ್ಲೇ ಬರೆದು ಕಳಿಸಿದ ಒಂದು ಮ್ಯಾಕ್ ವಿಳಾಸ ಮಾತ್ರ. ಆ ಕಾರ್ಡಿನೊಳಗೆ ಪಿಎಕ್ಸ್‌ಇ ಅನ್ನೋ ಚಿಕ್ಕದೊಂದು ಪ್ರೋಗ್ರಾಂ ಇರುತ್ತೆ, ಇಂಟೆಲ್‌ನವರು 1999ರ ಹೊತ್ತಿಗೆ ರೂಪ ಕೊಟ್ಟ ಪದ್ಧತಿ. ಅದು ತಂತಿಯ ಮೇಲೆ ಎಲ್ಲರಿಗೂ ಕೇಳೋ ಹಾಗೆ ಕೂಗುತ್ತೆ: ನಾನು ಇಂಥ ಮ್ಯಾಕ್ ವಿಳಾಸದವನು, ನಾನು ಯಾರು ಅಂತ ಯಾರಿಗಾದರೂ ಗೊತ್ತಾ? ಹೆಡ್ ನೋಡ್‌ನಲ್ಲಿ ಕೂತ ಡಿಎಚ್‌ಸಿಪಿ ಸರ್ವರ್ ತನ್ನ ಪಟ್ಟಿ ನೋಡಿ ಹೇಳುತ್ತೆ: ನೀನು ಮೂವತ್ತೇಳನೆಯವನು, ಇದು ನಿನ್ನ ಐಪಿ ವಿಳಾಸ, ಇಂಥ ಕಡೆ ಹೋಗಿ ಇಂಥ ಫೈಲ್ ಇಸ್ಕೋ. ನೋಡ್ ಹೋಗಿ ಟಿಎಫ್‌ಟಿಪಿಯಲ್ಲಿ ಬೂಟ್ ಲೋಡರ್ ಇಸ್ಕೊಳ್ಳುತ್ತೆ. ಟಿಎಫ್‌ಟಿಪಿ ಪಾಪ, 512 ಬೈಟ್ ಕೊಟ್ಟು "ಬಂತಾ?" ಅಂತ ಕೇಳಿ, "ಬಂತು" ಅಂದ ಮೇಲೆ ಮುಂದಿನ 512 ಕೊಡೋ ಹಳೇ ಕಾಲದ ಗುಮಾಸ್ತ. ಹಾಗಾಗಿ ಚಿಕ್ಕ ಫೈಲಿಗೆ ಮಾತ್ರ ಅವನು. ಆಮೇಲೆ ಕರ್ನಲ್, ಕೊನೆಗೆ ಎಚ್‌ಟಿಟಿಪಿಯಲ್ಲಿ ದೊಡ್ಡ ಮೂಟೆ, ಅಂದರೆ ಇಮೇಜ್. ಅದನ್ನು ರ‍್ಯಾಮ್‌ನಲ್ಲೇ ಬಿಚ್ಚಿ ಹರಡಿಕೊಂಡು ನೋಡ್ ಎದ್ದು ನಿಲ್ಲುತ್ತೆ. ಎರಡು ನಿಮಿಷದ ಹಿಂದೆ ಹೆಸರೂ ಗೊತ್ತಿಲ್ಲದಿದ್ದದ್ದು ಈಗ ಕೆಲಸಕ್ಕೆ ತಯಾರು.

ಆ ಇಮೇಜ್ ತಯಾರು ಮಾಡೋದೇ ನನ್ನ ಕೆಲಸ. ಹೆಡ್ ನೋಡ್‌ನ ಒಂದು ಫೋಲ್ಡರ್ ಒಳಗೆ ಇಡೀ ಲಿನಕ್ಸನ್ನು ಇನ್‌ಸ್ಟಾಲ್ ಮಾಡೋದು, ಚ್‌ರೂಟ್ ಅನ್ನೋ ಕಮಾಂಡಿನಿಂದ ಆ ಫೋಲ್ಡರ್ ಒಳಗೆ ಇಳಿದು ಅದೇ ಒಂದು ಪೂರ್ತಿ ಯಂತ್ರ ಅನ್ನೋ ಹಾಗೆ ಬೇಕಾದ್ದನ್ನು ಹಾಕೋದು, ಬೇಡದ ಭಾಷೆಗಳ ಫೈಲು, ಮ್ಯಾನ್ಯುಯಲ್ಲು ಎಲ್ಲಾ ತೆಗೆದು ಹಗುರ ಮಾಡೋದು, ಕೊನೆಗೆ ಒತ್ತಿ ಮೂಟೆ ಕಟ್ಟೋದು. ನಮ್ಮದು ಒತ್ತಿದ ಮೇಲೆ ಸುಮಾರು 600 ಎಂಬಿ ಇತ್ತು. ಚಿಕ್ಕದಿದ್ದಷ್ಟೂ ಒಳ್ಳೇದು, ಯಾಕಂದ್ರೆ ಅದು ಕೂರೋದು ರ‍್ಯಾಮ್‌ನಲ್ಲಿ, ಲೆಕ್ಕಕ್ಕೆ ಬೇಕಾದ ಜಾಗವನ್ನೇ ತಿನ್ನುತ್ತೆ. ಜೊತೆಗೆ ಕರೆಂಟ್ ಹೋಗಿ ಬಂದು 64 ನೋಡ್‌ಗಳೂ ಒಟ್ಟಿಗೆ ಎದ್ದರೆ 38 ಜಿಬಿ ಒಂದೇ ಗಿಗಾಬಿಟ್ ತಂತಿಯಲ್ಲಿ ಹರಿಯಬೇಕು. ಕಾಗದದ ಮೇಲೆ ಅದು ಐದು ನಿಮಿಷ. ನಿಜದಲ್ಲಿ ಹತ್ತು ನಿಮಿಷ ಕೈಕಟ್ಟಿಕೊಂಡು ನಿಲ್ಲಬೇಕಾಗ್ತಿತ್ತು.

ಇದು ಬೆಲ್ಲದ ಅಚ್ಚಿನ ಥರ. ಅಚ್ಚು ಒಂದು ಚೆನ್ನಾಗಿದ್ದರೆ ಅಷ್ಟೂ ಬೆಲ್ಲ ಒಂದೇ ಥರ ಬರುತ್ತೆ. ಅಚ್ಚಿನಲ್ಲಿ ಕೂದಲೆಳೆ ಬಿರುಕಿದ್ದರೆ ಅಷ್ಟೂ ಬೆಲ್ಲದ ಮೇಲೆ ಅದೇ ಗೆರೆ.

ಈ ಪದ್ಧತಿಯ ದೊಡ್ಡ ಸುಖ ಏನಂದ್ರೆ, ರೀಬೂಟ್ ಮಾಡಿದರೆ ಎಲ್ಲಾ ಪಾಪ ಪರಿಹಾರ. ನೋಡ್ ಒಳಗೆ ಏನೇ ಕೆಟ್ಟಿರಲಿ, ಯಾರೇ ಏನೇ ಗಲೀಜು ಮಾಡಿರಲಿ, ಒಮ್ಮೆ ಆರಿಸಿ ಹಚ್ಚಿದರೆ ಗಂಗೆಯಲ್ಲಿ ಮುಳುಗಿ ಎದ್ದ ಹಾಗೆ. ನಮ್ಮ ಕ್ಷೇತ್ರದಲ್ಲಿ ಇದರ ಬಗ್ಗೆ ಒಂದು ಮಾತು ಬಹಳ ಓಡಾಡುತ್ತೆ: ಸರ್ವರ್‌ಗಳನ್ನ ಮುದ್ದಿನ ನಾಯಿ ಬೆಕ್ಕಿನ ಹಾಗೆ ಸಾಕಬೇಡಿ, ದನಗಳ ಹಾಗೆ ಸಾಕಿ. ನಾಯಿಗೆ ಹೆಸರಿಡ್ತೀರಿ, ಕಾಯಿಲೆ ಬಂದರೆ ಡಾಕ್ಟರ ಹತ್ತಿರ ಓಡ್ತೀರಿ. ದನಕ್ಕೆ ನಂಬರ್ ಸಾಕು, ಕಾಯಿಲೆ ಬಿದ್ದರೆ ತೆಗೆದು ಇನ್ನೊಂದನ್ನ ತನ್ನಿ ಅಂತ.

ಈ ಮಾತನ್ನು ಮೊದಲ ಸಲ ಟ್ರೈನಿಂಗ್‌ನಲ್ಲಿ ಕೇಳಿದಾಗ ನಗು ಬಂತು. ಹೇಳಿದವರು ನಮ್ಮ ಅಜ್ಜಿ ಮನೆಯ ಕೊಟ್ಟಿಗೆ ನೋಡಿಲ್ಲ ಅಂದುಕೊಂಡೆ. ಅಲ್ಲಿ ಪ್ರತಿ ದನಕ್ಕೂ ಹೆಸರಿತ್ತು. ನಮ್ಮ ಗೋವಿನ ಹಾಡಿನ ಗೊಲ್ಲ ಕೂಡ ಹಸುಗಳನ್ನು ಕರೆಯೋದು ಒಂದೊಂದರ ಹೆಸರು ಹಿಡಿದೇ ಅಲ್ವಾ? ಅಜ್ಜಿಗೆ ಅದು ಬರೀ ಅಕ್ಕರೆ ಆಗಿರಲಿಲ್ಲ. ಕೌಲೆ ಯಾವಾಗ ಕರು ಹಾಕಿದ್ದು, ಯಾವುದು ಕೆಚ್ಚಲು ಮುಟ್ಟಿದರೆ ಒದೆಯುತ್ತೆ, ಯಾವುದಕ್ಕೆ ಕಳೆದ ಮಳೆಗಾಲದಲ್ಲಿ ಗೊರಸು ಹುಣ್ಣಾಗಿತ್ತು, ಎಲ್ಲಾ ಆ ಹೆಸರಿನ ಜೊತೆಗೇ ಅಂಟಿಕೊಂಡಿರ್ತಿತ್ತು. ಹೆಸರಿಲ್ಲದಿದ್ದರೆ ನೆನಪನ್ನ ಎಲ್ಲಿ ಕಟ್ಟಿಹಾಕೋದು?

ಆದರೂ ಒಪ್ಪಿಕೊಳ್ತೀನಿ, ನೋಡ್‌ಗೆ ನೆನಪು ಬೇಡ. ನೋಡ್ ಮರೆಯೋದು ಒಳ್ಳೇದೇ. ನನ್ನ ತಪ್ಪು ಬೇರೆ. ನೋಡ್ ಮರೆಯಬಹುದು ಅಂದಮೇಲೆ ನಾನೂ ಮರೆಯಬಹುದು ಅಂತ ಅಂದುಕೊಂಡೆ.

ನಡೆದದ್ದು ಇಷ್ಟು. ಮಾರ್ಚ್ ತಿಂಗಳ ಒಂದು ಗುರುವಾರ ಯಾವುದೋ ಒಂದು ತಂಡದವರು ಗ್ರಾಫ್ ಬರೆಯೋ ಒಂದು ಪ್ಯಾಕೇಜ್ ಬೇಕು ಅಂದರು. ಊಟಕ್ಕೆ ಮುಂಚೆ ಮುಗಿಸೋಣ ಅಂತ ಇಮೇಜ್ ಫೋಲ್ಡರ್ ಒಳಗೆ ಇಳಿದೆ, ಕಮಾಂಡ್ ಕೊಟ್ಟೆ. ಇದನ್ನು ಹಾಕಿದರೆ ಜೊತೆಗೆ ಇನ್ನೂ ಹನ್ನೊಂದು ಪ್ಯಾಕೇಜ್ ಬದಲಾಗ್ತವೆ, ಆಗಬಹುದಾ, ಅಂತ ಅದು ಕೇಳಿತು. ಪಟ್ಟಿ ಓದಲಿಲ್ಲ, 'ವೈ' ಒತ್ತಿದೆ. ಹಳೇ ಇಮೇಜಿನ ಹೆಸರಿನ ಮೇಲೇ ಹೊಸದನ್ನು ಕಟ್ಟಿದೆ. ಹಳೆಯದರ ಕಾಪಿ ಇಡಲಿಲ್ಲ, ಎಲ್ಲೂ ಬರೆದಿಡಲಿಲ್ಲ. ಊಟಕ್ಕೆ ಹೋದೆ. ನಿಮಗೆ ಕಳೆದ ತಿಂಗಳು ಒಂದು ಗುರುವಾರ ಹನ್ನೆರಡೂವರೆಗೆ ಏನು ಮಾಡ್ತಿದ್ರಿ ಅಂತ ಕೇಳಿದರೆ ನೆನಪಿರುತ್ತಾ? ನನಗೂ ಅಷ್ಟೇ ನೆನಪಿತ್ತು.

ಆ ಹನ್ನೊಂದರಲ್ಲಿ ಒಂದು ಗಣಿತದ ಲೈಬ್ರರಿ. ಮ್ಯಾಟ್ರಿಕ್ಸ್ ಗುಣಾಕಾರದಂಥ ಲೆಕ್ಕಗಳನ್ನು ಎಲ್ಲರ ಪ್ರೋಗ್ರಾಂಗಳೂ ಅದರಿಂದಲೇ ಮಾಡಿಸಿಕೊಳ್ತವೆ. ಓಡುತ್ತಿದ್ದ ನೋಡ್‌ಗಳಿಗೆ ಇದರಿಂದ ಏನೂ ಆಗಲಿಲ್ಲ, ಅವುಗಳ ರ‍್ಯಾಮ್‌ನಲ್ಲಿ ಹಳೇ ಇಮೇಜೇ ಇತ್ತು. ಆದರೆ ಆಮೇಲೆ ಯಾವ ಕಾರಣಕ್ಕಾದರೂ ರೀಬೂಟ್ ಆದ ನೋಡ್ ಹೊಸದನ್ನು ಇಸ್ಕೊಂಡು ಏಳ್ತಿತ್ತು. ಒಂದಕ್ಕೆ ಮೆಮರಿ ಕೆಟ್ಟಿತು, ಬದಲಾಯಿಸಿದೆವು. ಬೇಸಿಗೆಯ ಪವರ್ ಕಟ್‌ಗೆ ಒಂದು ರ‍್ಯಾಕ್‌ನ ಯುಪಿಎಸ್ ಕೈಕೊಟ್ಟಿತು. ಹೀಗೆ ನಾಲ್ಕು ವಾರಗಳಲ್ಲಿ 23 ನೋಡ್‌ಗಳು ಹೊಸ ಅಚ್ಚಿನವು, 41 ಹಳೇ ಅಚ್ಚಿನವು. ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ.

ಲೈಬ್ರರಿ ಬದಲಾದರೆ ಉತ್ತರ ಯಾಕೆ ಬದಲಾಗಬೇಕು ಅಂತ ಕೇಳಬಹುದು. ಕಂಪ್ಯೂಟರ್‌ಗೆ ದಶಮಾಂಶದ ಅಂಕಿಗಳನ್ನು ಕೊನೆಯಿಲ್ಲದಷ್ಟು ಇಟ್ಟುಕೊಳ್ಳೋಕೆ ಆಗಲ್ಲ, ಹದಿನೈದು ಹದಿನಾರು ಸ್ಥಾನದ ಹೊತ್ತಿಗೆ ಕತ್ತರಿಸುತ್ತೆ. ಹಾಗಾಗಿ ಮೂರು ಸಂಖ್ಯೆ ಕೂಡುವಾಗ ಮೊದಲೆರಡನ್ನು ಮೊದಲು ಕೂಡಿದರೆ ಬರೋ ಉತ್ತರ, ಕೊನೆಯೆರಡನ್ನು ಮೊದಲು ಕೂಡಿದರೆ ಬರೋ ಉತ್ತರ, ಕೊನೆಯ ಸ್ಥಾನದಲ್ಲಿ ಬೇರೆಯಾಗಬಹುದು. ಹೊಸ ಲೈಬ್ರರಿ ವೇಗಕ್ಕಾಗಿ ಕೂಡುವ ಕ್ರಮ ಬದಲಾಯಿಸಿತ್ತು. ಎರಡೂ ಉತ್ತರ ಸರಿಯೇ. ಆದರೆ ಹವಾಮಾನದಂಥ ಲೆಕ್ಕಗಳಲ್ಲಿ ಕೊನೆಯ ಸ್ಥಾನದ ವ್ಯತ್ಯಾಸ ಬೆಳೀತಾ ಹೋಗುತ್ತೆ. 1961ರಲ್ಲಿ ಎಡ್ವರ್ಡ್ ಲೊರೆಂಜ್‌ಗೆ ಎಂಐಟಿಯಲ್ಲಿ ಆದದ್ದು ಇದೇ ಅಲ್ವಾ? ಹಿಂದಿನ ಲೆಕ್ಕವನ್ನು ಮಧ್ಯದಿಂದ ಮತ್ತೆ ಓಡಿಸೋಕೆ 0.506127 ಬದಲು, ಪ್ರಿಂಟ್‌ನಲ್ಲಿದ್ದ ಹಾಗೆ 0.506 ಅಂತ ಹೊಡೆದು ಕಾಫಿಗೆ ಹೋದರು. ಬಂದು ನೋಡಿದರೆ ಹವಾಮಾನವೇ ಬೇರೆ. ಕೇಯಾಸ್ ಸಿದ್ಧಾಂತದ ಕಥೆ ಅಂತ ನಾವೆಲ್ಲ ಇದನ್ನು ಹೇಳ್ತೀವಿ. ನನಗೆ ಈಗ ಅದರಲ್ಲಿ ಬೇರೆಯದು ಕಾಣುತ್ತೆ. ಲೊರೆಂಜ್‌ಗೆ ವ್ಯತ್ಯಾಸ ಗೊತ್ತಾದದ್ದು ಹಳೇ ಪ್ರಿಂಟ್ ಕೈಯಲ್ಲಿ ಇದ್ದದ್ದರಿಂದ. ಅದನ್ನು ಎಸೆದಿದ್ದರೆ?

ನಮ್ಮಲ್ಲಿ ಧಾರವಾಡದ ಕಡೆಯ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಇದ್ದಳು. ಅವಳದ್ದು ಇಂಥದ್ದೇ ಲೆಕ್ಕ. ಒಂದೇ ಪ್ರೋಗ್ರಾಂ, ಒಂದೇ ಇನ್‌ಪುಟ್, ಇವತ್ತು ಒಂದು ಉತ್ತರ, ನಾಳೆ ಇನ್ನೊಂದು. ಜಾಬ್ ಯಾವ ನೋಡ್‌ಗೆ ಬೀಳುತ್ತೆ ಅನ್ನೋದು ಸ್ಕೆಡ್ಯೂಲರ್ ಇಷ್ಟ, ಅದರ ಮೇಲೆ ಉತ್ತರ ಬದಲಾಗ್ತಿತ್ತು. ಅವಳಿಗೆ ಅದು ಹೇಗೆ ಗೊತ್ತಾಗಬೇಕು? ಮೊದಲು ಅನುಮಾನ ಬರೋದು ನಮ್ಮ ಕೋಡ್ ಮೇಲೆ ತಾನೇ. ಮೂರು ವಾರ ರಾತ್ರಿ ಎರಡರವರೆಗೆ ಕೂತು ತನ್ನ ಕೋಡನ್ನು ಸಾಲುಸಾಲಾಗಿ ಬಗೆದಳು. ಗೈಡ್ ಕೈಲಿ ಬೈಸಿಕೊಂಡಳು. ಕೊನೆಗೆ ಒಂದು ಭಾನುವಾರ ಸಂಜೆ ಫೋನ್ ಮಾಡಿ, ಸಂಕೋಚದಿಂದಲೇ ಕೇಳಿದಳು:

"ಸರ್, ಕ್ಲಸ್ಟರ್‌ನ್ಯಾಗ ಏನರ ಬದಲಾಗೇತೇನ್ರಿ?"

"ಇಲ್ವಲ್ಲ, ನಾನೇನೂ ಮುಟ್ಟಿಲ್ಲ" ಅಂದೆ.

ಅವಳ ದನಿಯಲ್ಲಿದ್ದ ದಣಿವು ಕೇಳಿ ಮಲಗೋಕೆ ಆಗಲಿಲ್ಲ. ರಾತ್ರಿ ಮನೆಯಿಂದಲೇ ಲಾಗಿನ್ ಆಗಿ ಎರಡು ನೋಡ್‌ಗಳ ಲೈಬ್ರರಿ ಆವೃತ್ತಿ ನೋಡಿದೆ. ಬೇರೆ ಬೇರೆ. ಆ ಗುರುವಾರ, ಆ 'ವೈ', ಎಲ್ಲಾ ಒಮ್ಮೆಗೇ ನೆನಪಾಯ್ತು. ಬೆನ್ನಲ್ಲಿ ಬೆವರು ಬರೋದು ಅಂತಾರಲ್ಲ, ಹಾಗಾಯ್ತು.

ಏನು ಮಾಡಿದೆ? "ಮೆಯಿಂಟೆನೆನ್ಸ್" ಅಂತ ಎಲ್ಲರಿಗೂ ಒಂದು ಮೇಲ್ ಹಾಕಿ, ಬುಧವಾರ ಬೆಳಗ್ಗೆ 64 ನೋಡ್‌ಗಳನ್ನೂ ರೀಬೂಟ್ ಮಾಡಿದೆ. ಎಲ್ಲವೂ ಹೊಸ ಅಚ್ಚಿಗೆ ಬಂದವು. ಗುರುವಾರ ಅವಳೇ ಬಂದು "ಈಗ ಎಲ್ಲಾ ನೋಡ್‌ನ್ಯಾಗೂ ಒಂದೇ ಉತ್ತರ ಬರಾಕತ್ತೇತ್ರಿ ಸರ್, ಏನ್ ಮಾಡಿದ್ರೋ ಏನೋ, ಭಾಳ ಥ್ಯಾಂಕ್ಸ್" ಅಂದಳು. ನಾನು ನಕ್ಕೆ. ಹಾರ್ಡ್‌ವೇರ್ ಇರಬೇಕು ಅಂತ ಅವಳೇ ಅಂದುಕೊಂಡಳು, ನಾನು ಇಲ್ಲ ಅನ್ನಲಿಲ್ಲ.

ಆಮೇಲೆ ನನಗೆ ನಾನೇ ಹೇಳಿಕೊಂಡ ಸಮಾಧಾನಗಳನ್ನು ಇಲ್ಲಿ ಬರೀತೀನಿ. ನಿಮ್ಮ ಹತ್ತಿರವೂ ಇವೇ ಇರ್ತವೆ ಅನ್ನೋ ಧೈರ್ಯದಿಂದ.

ಒಂದು: ಬೇಕು ಅಂತ ಮಾಡಿದ್ದಲ್ಲ. ನಿಜ. ಆದರೆ ಇದು ಆ ಗುರುವಾರಕ್ಕೆ ಮಾತ್ರ ಸಲ್ಲುತ್ತೆ. ಈ ಗುರುವಾರ ನಕ್ಕಿದ್ದು ಬೇಕು ಅಂತಲೇ.

ಎರಡು: ಎರಡೂ ಉತ್ತರ ಸರಿಯೇ. ಇದೂ ನಿಜ. ಆದರೆ ಅವಳ ತೊಂದರೆ ಉತ್ತರ ತಪ್ಪಾಗಿದ್ದು ಅಲ್ಲ. ಎರಡು ಥರದ ಅಳತೆಗೋಲಿನಲ್ಲಿ ಅಳೆದದ್ದನ್ನು ಒಂದೇ ಅಂತ ನಂಬಿ ಒಂದೇ ಗ್ರಾಫ್‌ನಲ್ಲಿ ಹಾಕಿದ್ದು.

ಮೂರು: ಈಗ ಎಲ್ಲಾ ಸರಿಯಾಗಿದೆ, ಹೇಳಿ ಏನು ಪ್ರಯೋಜನ, ಸುಮ್ಮನೆ ಬೇಜಾರು. ಇದು ಎಲ್ಲಕ್ಕಿಂತ ಬಲವಾದದ್ದು, ಯಾಕಂದ್ರೆ ಇದು ಕರುಣೆಯ ವೇಷದಲ್ಲಿ ಬರುತ್ತೆ. ಇದಕ್ಕೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದಿನಗಳಲ್ಲಿ ದುಷ್ಯಂತ ಪದೇಪದೇ ನೆನಪಾಗ್ತಿದ್ದ. ಶಾಲೆಯಲ್ಲಿ ನಾವು ಓದೋದು ಕಾಳಿದಾಸನ ದುಷ್ಯಂತನನ್ನು. ದೂರ್ವಾಸರ ಶಾಪದಿಂದ ಅವನಿಗೆ ಶಕುಂತಲೆ ನಿಜಕ್ಕೂ ಮರೆತುಹೋಗಿದ್ದಾಳೆ. ತುಂಬಿದ ಸಭೆಯಲ್ಲಿ ಇವಳು ಯಾರೋ ಗೊತ್ತಿಲ್ಲ ಅನ್ನೋದು ಅವನ ಪಾಲಿಗೆ ಸುಳ್ಳಲ್ಲ. ಆದರೆ ಅದಕ್ಕೂ ಹಳೆಯದಾದ ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿನ ದುಷ್ಯಂತನಿಗೆ ಎಲ್ಲಾ ನೆನಪಿದೆ, ನೆನಪಿದ್ದೂ ಗೊತ್ತಿಲ್ಲ ಅಂತಾನೆ. ಆಮೇಲೆ ಅಶರೀರವಾಣಿ ಬಂದ ಮೇಲೆ, ಜನ ಅನುಮಾನ ಪಡಬಾರದು ಅಂತ ಹಾಗೆ ಹೇಳಿದೆ ಅಂತಾನೆ. ಭಾನುವಾರ ಸಂಜೆ ಫೋನಿನಲ್ಲಿ ಮಾತಾಡಿದ ನಾನು ಕಾಳಿದಾಸನ ದುಷ್ಯಂತ. ಗುರುವಾರ ನಕ್ಕ ನಾನು ವ್ಯಾಸರ ದುಷ್ಯಂತ. ಮಧ್ಯೆ ನಾಲ್ಕು ದಿನ ಅಷ್ಟೇ. ಶಕುಂತಲೆಯ ಕಡೆಯಿಂದ ನೋಡಿದರೆ ಇಬ್ಬರಲ್ಲಿ ವ್ಯತ್ಯಾಸ ಏನಿದೆ? ಎರಡು ಸಲವೂ ಅವಳು ಸಭೆಯ ಮಧ್ಯೆ ಒಬ್ಬಳೇ ನಿಂತಿದ್ದಾಳೆ, ತಪ್ಪು ತನ್ನದೇ ಇರಬೇಕು ಅನ್ನೋ ಥರ.

ಒಂಬತ್ತನೇ ದಿನ ಅವಳು ಥೀಸಿಸ್‌ನ ಮೊದಲ ಪುಟಗಳ ಪ್ರಿಂಟ್ ಹಿಡಿದುಕೊಂಡು ಬಂದಳು. "ಅಕ್ನಾಲೆಜ್‌ಮೆಂಟ್‌ನ್ಯಾಗ ನಿಮ್ಮ ಹೆಸರು ಹಾಕೀನ್ರಿ ಸರ್. ಸ್ಪೆಲ್ಲಿಂಗ್ ಬರೋಬ್ಬರಿ ಐತೇನ್ ನೋಡ್ರಿ."

ಸ್ಪೆಲ್ಲಿಂಗ್ ಸರಿಯಾಗಿಯೇ ಇತ್ತು. ಆ ಹಾಳೆ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಇರೋಕೆ ಆಗಲಿಲ್ಲ. ಕೂರಿಸಿ ಎಲ್ಲಾ ಹೇಳಿದೆ. ಗುರುವಾರ, ಹನ್ನೊಂದು ಪ್ಯಾಕೇಜ್, ಮೆಯಿಂಟೆನೆನ್ಸ್ ಅಂತ ಹಾಕಿದ ಮೇಲ್. ಬೈತಾಳೆ ಅಂದುಕೊಂಡಿದ್ದೆ, ಅಥವಾ ಹೋಗಲಿ ಬಿಡಿ ಅಂತಾಳೆ ಅಂತ. ಎರಡಕ್ಕೂ ತಯಾರಾಗಿದ್ದೆ. ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ ಕೇಳಿದ್ದು ಒಂದೇ:

"ಯಾವ ತಾರೀಖಿನಿಂದ್ರಿ?"

ನನಗೆ ಗೊತ್ತಿರಲಿಲ್ಲ. ಮಾರ್ಚ್‌ನ ಒಂದು ಗುರುವಾರ, ಅಷ್ಟೇ. ಯಾವ ನೋಡ್ ಯಾವ ದಿನ ಹೊಸದಾಯ್ತು ಅನ್ನೋದಂತೂ ಗೊತ್ತೇ ಇರಲಿಲ್ಲ. ನೋಡ್‌ಗಳನ್ನು ಕೇಳೋಣ ಅಂದ್ರೆ ಅವುಗಳ ಲಾಗ್ ಇದ್ದದ್ದೂ ರ‍್ಯಾಮ್‌ನಲ್ಲಿ, ನನ್ನ ರೀಬೂಟ್‌ನಲ್ಲಿ ಎಲ್ಲಾ ತೊಳೆದುಹೋಗಿತ್ತು. ಎಲ್ಲವನ್ನೂ ಸರಿಮಾಡಿದೆ ಅಂದುಕೊಂಡ ಕೆಲಸವೇ ಸಾಕ್ಷಿಯನ್ನೂ ಅಳಿಸಿತ್ತು.

ಇಬ್ಬರೂ ಕೂತೆವು. ಇಮೇಜ್ ಒಳಗಿನ ಪ್ಯಾಕೇಜ್ ಡೇಟಾಬೇಸ್‌ನಲ್ಲಿ, ಯಾವ ಪ್ಯಾಕೇಜ್ ಯಾವ ದಿನ ಯಾವ ಹೊತ್ತಿಗೆ ಕೂತಿತು ಅನ್ನೋದು ಇರುತ್ತೆ. ಗುರುವಾರ 12.34, ಸಿಕ್ಕಿತು. ನೋಡ್‌ಗಳು ಯಾವಾಗ ರೀಬೂಟ್ ಆದವು ಅನ್ನೋದಕ್ಕೆ ದಾರಿ ಹೊಳೆದದ್ದು ಅವಳಿಗೇ. ಎದ್ದಾಗಲೆಲ್ಲ ಅವು ಕೂಗ್ತವಲ್ಲ, ನಾನು ಯಾರು ಅಂತ? ಆ ಕೂಗನ್ನು ಕೇಳಿಸಿಕೊಂಡವರು ಬರೆದುಕೊಂಡಿರಬೇಕಲ್ಲ? ಹೌದು. ಹೆಡ್ ನೋಡ್‌ನ ಡಿಎಚ್‌ಸಿಪಿ ಲಾಗ್‌ನಲ್ಲಿ ಪ್ರತಿ ನೋಡ್‌ನ ಪ್ರತಿ ಕೂಗೂ ಸಮಯದ ಸಮೇತ ಇತ್ತು. ಅದೇ ನಮ್ಮ ಉಂಗುರ. ಯಾವ ಜಾಬ್ ಯಾವ ನೋಡ್‌ಗಳಲ್ಲಿ ಓಡಿತು ಅನ್ನೋದು ಸ್ಕೆಡ್ಯೂಲರ್ ಲೆಕ್ಕದಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವಳ ಯಾವ ರನ್ ಹಳೇ ಅಚ್ಚಿನದು, ಯಾವುದು ಹೊಸದು, ಯಾವುದು ಕಲಬೆರಕೆ ಅಂತ ಹೇಳಬಹುದು.

ಆದರೆ ಒಂದು ತೊಂದರೆ. ದಿನಕ್ಕೊಂದು ಲಾಗ್ ಫೈಲ್, 28 ದಿನ ಇಟ್ಟುಕೊಂಡು ಹಳೆಯದನ್ನು ಅಳಿಸು ಅಂತ ಜಾಗ ಉಳಿಸೋಕೆ ನಾನೇ ಹಾಕಿದ್ದೆ. ನಾವು ಕೂತ ದಿನಕ್ಕೆ ಆ ಗುರುವಾರವಾಗಿ 40 ದಿನ. ಮೊದಲ 12 ದಿನದ ಲಾಗ್ ಇರಲಿಲ್ಲ. ಅವಳು ಬೆರಳು ಮಡಚಿ ಲೆಕ್ಕ ಹಾಕ್ತಿದ್ದಳು, ನನಗೆ ಬೇಡವಾಗಿತ್ತು, ನನ್ನ ಲೆಕ್ಕ ಆಗಲೇ ಮುಗಿದಿತ್ತು. ಅವಳು ಫೋನ್ ಮಾಡಿದ ರಾತ್ರಿಯೇ ನಾನು ಹೇಳಿದ್ದರೆ ಕಳೆದುಹೋಗ್ತಿದ್ದದ್ದು ಬರೀ ಮೂರು ದಿನದ ಲಾಗ್. ನಾನು ಸುಮ್ಮನಿದ್ದ ಪ್ರತಿ ದಿನ ಹೆಡ್ ನೋಡ್ ತನ್ನ ಪಾಡಿಗೆ ತಾನು ಒಂದೊಂದು ದಿನವನ್ನು ಅಳಿಸ್ತಾ ಬಂದಿತ್ತು.

ಆ 12 ದಿನಗಳಲ್ಲಿ ಅವಳ 11 ರನ್‌ಗಳಿದ್ದವು. ಕಲಬೆರಕೆಯೋ ಅಲ್ಲವೋ ಗೊತ್ತಾಗದ್ದರಿಂದ ಅಷ್ಟನ್ನೂ ಮತ್ತೆ ಓಡಿಸಬೇಕಾಯ್ತು. ಅದರಲ್ಲಿ ಏಳು ಬರೀ ನನ್ನ ಮೌನದ ಪಾಲು. ಲಾಗ್ ಇದ್ದ ದಿನಗಳಲ್ಲಿ ಖಚಿತವಾಗಿ ಕಲಬೆರಕೆ ಆಗಿದ್ದವು ಎಂಟು. ಒಟ್ಟು 19, ಕ್ಯೂನಲ್ಲಿ ಮೂರು ವಾರ. ಮುಗಿದ ಮೇಲೆ ಹದಿನೇಳರ ತೀರ್ಮಾನ ಮೊದಲಿನ ಹಾಗೇ ಇತ್ತು. ಎರಡರದ್ದು ಬದಲಾಯ್ತು. ಅದರಲ್ಲಿ ಒಂದು ಗ್ರಾಫನ್ನು ಅವಳ ಗೈಡ್ ಆಗಲೇ ಒಂದು ಸಭೆಯಲ್ಲಿ ತೋರಿಸಿ ಬಂದಿದ್ದರು.

"ಈಗ ಎಲ್ಲಾ ಸರಿಯಾಗಿದೆ, ಹೇಳಿ ಏನು ಪ್ರಯೋಜನ" ಅನ್ನೋ ಮೂರನೇ ಸಮಾಧಾನಕ್ಕೆ ಉತ್ತರ ನನಗೆ ಸಿಕ್ಕಿದ್ದು ಅಲ್ಲಿ. ರೀಬೂಟ್ ಸರಿಮಾಡೋದು ಮುಂದಿನದ್ದನ್ನು ಮಾತ್ರ. ಹಿಂದೆ ಹೊರಟುಹೋದ ಉತ್ತರಗಳು ಯಾರ ಯಾರ ಕೈಯಲ್ಲೋ ಇರ್ತವೆ, ಅವುಗಳನ್ನು ನಂಬಿ ಯಾರೋ ಏನೋ ಕಟ್ಟುತ್ತಿರ್ತಾರೆ. ಅವರಿಗೆ ನನ್ನ ಪಶ್ಚಾತ್ತಾಪ ತಗೊಂಡು ಆಗಬೇಕಾದ್ದು ಏನೂ ಇಲ್ಲ. ತಾರೀಖು ಬೇಕು. ತಪ್ಪೊಪ್ಪಿಗೆ ಅಂದರೆ ಮನಸ್ಸು ಹಗುರ ಮಾಡಿಕೊಳ್ಳೋದು ಅಂತ ನಾನು ತಿಳಿದಿದ್ದೆ, ಅದಕ್ಕೇ ಅದನ್ನು ನನ್ನ ಅನುಕೂಲದ ದಿನಕ್ಕೆ ಮುಂದೂಡಬಹುದು ಅನ್ನಿಸಿತ್ತು. ನಿಜದಲ್ಲಿ ಅದು ಇನ್ನೊಬ್ಬರಿಗೆ ಸೇರಬೇಕಾದ ಮಾಹಿತಿ. ನನ್ನ ಹತ್ತಿರ ಇಟ್ಟುಕೊಂಡಷ್ಟು ದಿನ ಅದು ಹಾಳಾಗ್ತಾ ಇರುತ್ತೆ, ಹಾಲಿನ ಹಾಗೆ.

ಮರೆಯೋದು ತಪ್ಪಾ? ಇದನ್ನ ತುಂಬಾ ಯೋಚನೆ ಮಾಡಿದ್ದೀನಿ. ಮರೆವು ಮನುಷ್ಯನಿಗೆ ಬೇಕು, ಇಲ್ಲದಿದ್ದರೆ ಬದುಕೋದು ಹೇಗೆ. ನಮ್ಮ ಪೀಳಿಗೆಗಂತೂ ಫ್ರೆಶ್ ಸ್ಟಾರ್ಟ್ ಅಂದರೆ ಬಹಳ ಪ್ರೀತಿ. ಎರಡು ವರ್ಷಕ್ಕೊಂದು ಕಂಪನಿ, ಹೊಸ ಲ್ಯಾಪ್‌ಟಾಪ್, ಹೊಸ ಐಡಿ ಕಾರ್ಡ್, ಹೊಸ ಪಿಜಿ ಅಥವಾ ಫ್ಲಾಟ್. ಹಿಂದಿನ ಟೀಮಿನಲ್ಲಿ ಅರ್ಧ ಬಿಟ್ಟು ಬಂದ ಕೆಲಸ, ಯಾರ ತಲೆಗೋ ಕಟ್ಟಿ ಬಂದ ಬಗ್, ಹ್ಯಾಂಡೋವರ್ ಡಾಕ್ಯುಮೆಂಟ್‌ನಲ್ಲಿ ಬರೆಯದೇ ಬಿಟ್ಟ ಒಂದು ಸಾಲು, ಎಲ್ಲಾ ಅಲ್ಲೇ ತೊಳೆದುಹೋಯ್ತು ಅಂದುಕೊಂಡು ಎದ್ದು ನಿಲ್ತೀವಿ. ಸಂಬಂಧಗಳಲ್ಲೂ ಅಷ್ಟೇ, ನಂಬರ್ ಬ್ಲಾಕ್ ಮಾಡಿ ಊರು ಬದಲಾಯಿಸಿದರೆ ಆಯ್ತು. ನಾವು ರೀಬೂಟ್ ಆಗಿರ್ತೀವಿ, ನಿಜ. ಆದರೆ ಆ ಕಡೆ ಯಾರೋ ಒಬ್ಬರು ರಾತ್ರಿ ಎರಡು ಗಂಟೆಗೆ ತಪ್ಪು ತನ್ನದೇ ಇರಬೇಕು ಅಂತ ಸಾಲುಸಾಲಾಗಿ ಹುಡುಕ್ತಾ ಕೂತಿರಬಹುದು.

ನನಗೆ ಈಗ ಅನ್ನಿಸೋದು ಇಷ್ಟು. ಮರೆಯೋ ಹಕ್ಕು ಎಲ್ಲರಿಗೂ ಇದೆ, ಆದರೆ ಒಟ್ಟಿಗೆ ಎಲ್ಲರಿಗೂ ಇಲ್ಲ. ನೋಡ್ ಮರೆಯಬೇಕು ಅಂದರೆ ಹೆಡ್ ನೋಡ್ ನೆನಪಿಟ್ಟುಕೊಂಡಿರಬೇಕು. ಹೆಡ್ ನೋಡ್ ಮರೆಯಬಹುದು ಅಂದರೆ ನಾನು ಬರೆದಿಟ್ಟಿರಬೇಕು. ಎಷ್ಟು ಜನರ ಮೇಲೆ ನನ್ನ ಒಂದು 'ವೈ' ಬೀಳುತ್ತೋ ಅಷ್ಟು ನೆನಪು ನನ್ನ ಪಾಲಿಗೆ. ಅಚ್ಚು ಹಿಡಿದವರಿಗೆ ಮರೆವಿನ ರಿಯಾಯಿತಿ ಸಿಗಲ್ಲ. ನೆನಪಿರಲಿಲ್ಲ ಅನ್ನೋದು ಆ ಸಂಜೆಗೆ ನನ್ನನ್ನು ಸುಳ್ಳುಗಾರ ಆಗೋದರಿಂದ ಉಳಿಸಬಹುದು. ನೆನಪಿಡೋ ವ್ಯವಸ್ಥೆಯನ್ನೇ ಮಾಡಿಕೊಳ್ಳದ ಹೊಣೆಯಿಂದ ಉಳಿಸಲ್ಲ.

ಅಮ್ಮ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಬರೀತಿದ್ದಳು. ಹಾಲು ಬರದ ದಿನಕ್ಕೆ ಒಂದು ಗೆರೆ, ಅರ್ಧ ಲೀಟರ್ ಹೆಚ್ಚು ತಗೊಂಡ ದಿನಕ್ಕೆ ಅರ್ಧ ಅಂತ. ತಿಂಗಳ ಕೊನೆಗೆ ಹಾಲಿನವನ ಜೊತೆ ಎಂದೂ ಜಗಳ ಆಗಿದ್ದು ನೋಡಿಲ್ಲ. ಅವನ ಮೇಲೆ ಅನುಮಾನ ಅಂತ ಬರೀತಿದ್ದದ್ದಲ್ಲ. ಇಬ್ಬರಿಗೂ ಮರೆಯೋ ಅವಕಾಶ ಇರಲಿ ಅಂತ.

ಅದಾದ ಮೇಲೆ ನಾನು ಮಾಡಿದ್ದು ದೊಡ್ಡದೇನಲ್ಲ. ಪ್ರತಿ ಇಮೇಜಿಗೂ ಹೆಸರಿನಲ್ಲೇ ತಾರೀಖು. ಹಳೆಯದರ ಮೇಲೆ ಹೊಸದನ್ನು ಎಂದೂ ಬರೆಯೋದಿಲ್ಲ. ಯಾವ ನೋಡ್‌ಗೆ ಲಾಗಿನ್ ಆದರೂ ಮೊದಲ ಸಾಲಿನಲ್ಲೇ ಅದು ಯಾವ ಇಮೇಜಿನಿಂದ ಎದ್ದಿದೆ ಅಂತ ಕಾಣುತ್ತೆ, ಜಾಬ್‌ನ ಔಟ್‌ಪುಟ್‌ನಲ್ಲೂ ಅದು ಅಚ್ಚಾಗುತ್ತೆ. ಏನು ಬದಲಾಯಿಸಿದೆ, ಯಾಕೆ, ಯಾರು ಕೇಳಿದರು ಅಂತ ಇಮೇಜ್ ಒಳಗೇ ಒಂದು ಫೈಲ್. ಡಿಎಚ್‌ಸಿಪಿ ಲಾಗ್ ಈಗ ಒಂದು ವರ್ಷ ಇರುತ್ತೆ. ಸರ್ವರ್ ರೂಮಿನ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತುಹಾಕಿದ್ದೆ, ಮುಟ್ಟಿದ ದಿನಕ್ಕೊಂದು ಗೆರೆ. ಹೊಸದಾಗಿ ಬಂದ ಹುಡುಗರು ಅದನ್ನು ನೋಡಿ ನಗ್ತಿದ್ದರು. ನಗಲಿ. ಯಾರಾದರೂ ಬಂದು "ಏನಾದರೂ ಬದಲಾಗಿದೆಯಾ?" ಅಂತ ಕೇಳಿದರೆ ನನ್ನ ನೆನಪಿನಿಂದ ಉತ್ತರ ಕೊಡೋದನ್ನು ಬಿಟ್ಟಿದ್ದೆ. "ತಾಳಿ, ನೋಡಿ ಹೇಳ್ತೀನಿ" ಅಂತಿದ್ದೆ.

ಅವಳಿಗೆ ಪಿಎಚ್‌ಡಿ ಆಯ್ತು. ಥೀಸಿಸ್ ಲೈಬ್ರರಿಗೆ ಬಂದಾಗ ತೆಗೆದು ನೋಡಿದೆ. ಕೃತಜ್ಞತೆಯ ಪುಟವನ್ನು ತಿರುವಿ ಹಾಕಿಬಿಟ್ಟೆ, ನನ್ನ ಹೆಸರು ಉಳಿದಿದೆಯೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಮೂರನೇ ಅಧ್ಯಾಯದ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು: ಯಾವ ದಿನದಿಂದ ಯಾವ ದಿನದವರೆಗೆ ಕ್ಲಸ್ಟರ್‌ನಲ್ಲಿ ಎರಡು ಲೈಬ್ರರಿ ಇದ್ದವು, ಯಾವ ರನ್‌ಗಳನ್ನು ಮತ್ತೆ ಓಡಿಸಲಾಯ್ತು ಅಂತ. ಬೆರಳಿಟ್ಟು ಓದಿದೆ. ತಾರೀಖುಗಳು ಸರಿಯಾಗಿವೆ.